ಗುಪ್ತನಾಣ್ಯ ಖನನ ಪ್ರಸಂಗ

ಮೂವತ್ತೊಂದು ವರ್ಷ ಮಕ್ಕಳಿಗೆ ಕನ್ನಡ ಕಲಿಸಿ ನಿವೃತ್ತನಾದ ನನ್ನನ್ನು ಊರಿನವರು ಈಗ ‘ನಿಧಿ ಮಾಷ್ಟ್ರು’ ಎಂದು ಕರೆಯುತ್ತಾರೆ. ನನಗೆ ಮಹಾಗಣಪತಿ ಎಂಬ ಚೆಂದದ ಹೆಸರೊಂದಿದೆ ಎಂಬುದು ರೇಶನ್ ಕಾರ್ಡಿಗೆ ಮಾತ್ರ ನೆನಪಿದೆ. ಮೊನ್ನೆ ಸೀತಾಂಗೋಳಿಯಲ್ಲಿ ಬಸ್ಸಿಗೆ ಕಾಯುತ್ತಿದ್ದರೆ ಗುರುತೇ ಇಲ್ಲದವನೊಬ್ಬ ಬಂದು, “ಎಂತ ಮಾಷ್ಟ್ರೇ, ಇವತ್ತು ಅಗೆಯುದಿಲ್ವಾ?” ಎಂದು ಕೇಳಿ ಹೋದ. ಇದಕ್ಕೆಲ್ಲ ನನ್ನ ಹೆಂಡತಿ ಪರಮೇಶ್ವರಿಯೇ ಕಾರಣ ಎಂದು ಬರೆಯುವವನಿದ್ದೆ. ಆದರೆ ಅವಳು ಬೆನ್ನ ಹಿಂದೆ ನಿಂತು ಓದುತ್ತಿದ್ದಾಳೆ. ಹಾಗಾಗಿ ತಪ್ಪು ನನ್ನದೇ.

ಶುರುವಾದದ್ದು ಅವಳ ಸೊಂಟದಿಂದ. ಬಾವಿಕಟ್ಟೆಯ ಪಕ್ಕದ ಕಲ್ಲಿನಲ್ಲಿ ಬಟ್ಟೆ ಒಗೆದು ಒಗೆದು ಅವಳ ಸೊಂಟ ಹಿಡಿದಿತ್ತು. ಬಗ್ಗಬಾರದು ಎಂದು ಡಾಕ್ಟರು ಹೇಳಿದ ಮೇಲೆ, ನನ್ನ ಪೆನ್ಶನ್ನಿನ ಬಾಕಿ ಬಂದ ಕೂಡಲೇ ವಾಷಿಂಗ್ ಮೆಷಿನ್ ತರುವುದೆಂದು ತೀರ್ಮಾನವಾಯಿತು. ಬಾಕಿ ಬಂತು. ನಾನು ಹಣ ತೆಗೆದುಕೊಂಡು, ಯಾವ ಕಂಪೆನಿಯದ್ದು ಒಳ್ಳೆಯದೆಂದು ಕೇಳಲು ಜಿತೇಂದ್ರನ ಕಂಪ್ಯೂಟರ್ ಅಂಗಡಿಗೆ ಹೋದೆ. ಜಿತೇಂದ್ರ ನನ್ನ ಹಳೆಯ ಶಿಷ್ಯ. (ಕನ್ನಡದಲ್ಲಿ ಅವನಿಗೆ ಮೂವತ್ತೈದು ಅಂಕ ಕೊಟ್ಟವನು ನಾನು. ಅದಕ್ಕೆ ಅವನು ಹೀಗೆ ಸೇಡು ತೀರಿಸಿಕೊಂಡ ಎಂದು ನನಗೆ ಒಮ್ಮೊಮ್ಮೆ ಅನಿಸುವುದುಂಟು.)

“ಮಾಷ್ಟ್ರೇ, ವಾಷಿಂಗ್ ಮೆಷಿನ್ ತೆಗೊಂಡ್ರೆ ಅದು ಬಟ್ಟೆ ಮಾತ್ರ ಒಗೆಯುದು. ಇದನ್ನು ತೆಗೊಳ್ಳಿ. ಇದು ದುಡಿದು ನಿಮಗೇ ಒಂದು ವಾಷಿಂಗ್ ಮೆಷಿನ್ ತೆಗೆದು ಕೊಡ್ತದೆ” ಎಂದು ಮೇಜಿನ ಮೇಲೆ ನಾಲ್ಕು ಹಸಿರು ಹಲಗೆಗಳನ್ನು ಇಟ್ಟ. ಎಫ್‌ಪಿಜಿಎ ಬೋರ್ಡುಗಳಂತೆ. ಕಣ್ಣಿಗೆ ಕಾಣದ ಕ್ರಿಪ್ಟೊ ಎಂಬ ನಾಣ್ಯಗಳು ಕಂಪ್ಯೂಟರ್ ಲೋಕದಲ್ಲಿ ಇವೆಯಂತೆ. ಮಹಾ ಕಷ್ಟದ ಲೆಕ್ಕವನ್ನು ಯಾರು ಬೇಗ ಬಿಡಿಸುತ್ತಾರೋ ಅವರಿಗೆ ಅವು ಸಿಗುತ್ತವಂತೆ. ಹಾಗೆ ಬಿಡಿಸುವುದಕ್ಕೆ ಮೈನಿಂಗ್ ಎಂದು ಹೆಸರಂತೆ. ಈ ಬೋರ್ಡುಗಳು ಊಟ ತಿಂಡಿ ಕೇಳದೆ ಅದನ್ನೇ ಮಾಡುತ್ತಾ ಇರುತ್ತವಂತೆ. ಎಸ್‌ಎಸ್‌ಎಲ್‌ಸಿಯಲ್ಲಿ ಲೆಕ್ಕ ಬಾರದೆ ಪೆಟ್ಟು ತಿಂದ ನನಗೆ, ನನ್ನ ಪರವಾಗಿ ಬೇರೆ ಯಾರೋ ಲೆಕ್ಕ ಬಿಡಿಸಿ ದುಡ್ಡು ತಂದುಕೊಡುತ್ತಾರೆ ಎಂಬ ಸಂಗತಿ ಬಹಳ ನ್ಯಾಯವಾಗಿ ಕಂಡಿತು.

ಜಿತೇಂದ್ರ ಒಂದು ಚೀಟಿಯನ್ನೂ ಕೊಟ್ಟ. ಅದರಲ್ಲಿ ಹನ್ನೆರಡು ಇಂಗ್ಲಿಷ್ ಶಬ್ದಗಳಿದ್ದವು. “ಇದು ನಿಮ್ಮ ನಾಣ್ಯದ ಪರ್ಸಿನ ಬೀಗದ ಕೈ. ಕಂಪ್ಯೂಟರ್ ಹಾಳಾದ್ರೂ ಈ ಹನ್ನೆರಡು ಶಬ್ದ ಇದ್ರೆ ನಾಣ್ಯ ವಾಪಾಸು ಸಿಗ್ತದೆ. ಯಾರ ಕೈಗೂ ಸಿಕ್ಕಬಾರದು, ಜಾಗ್ರತೆ!” ಎಂದ. ಈ ಜಾಗ್ರತೆಯ ವಿಷಯದಲ್ಲಿ ನಾನು ಎಂತಹ ಬುದ್ಧಿವಂತಿಕೆ ಮಾಡಿದೆ ಎಂಬುದನ್ನು ಆಮೇಲೆ ಹೇಳುತ್ತೇನೆ.

ವಾಷಿಂಗ್ ಮೆಷಿನಿನ ಬದಲು ನಾಲ್ಕು ಹಲಗೆ ತಂದದ್ದನ್ನು ನೋಡಿ ಪರಮೇಶ್ವರಿ ಸೊಂಟಕ್ಕೆ ಕೈಯಿಟ್ಟು ನಿಂತಳು. (ನೋವಿಗಲ್ಲ.)

“ಇದರಲ್ಲಿ ಬಟ್ಟೆ ಎಲ್ಲಿ ಹಾಕುದು?”

“ದೀಪಾವಳಿಯ ಒಳಗೆ ಮೆಷಿನ್ ಮನೆಗೆ ಬರ್ತದೆ. ನನ್ನ ಮಾತು ಅಂದ್ರೆ ಮಾತು.”

“ಬಾರದಿದ್ರೆ?”

“ಬಾರದಿದ್ರೆ ಮತ್ತೆ ಈ ಜನ್ಮಕ್ಕೆ ಬಟ್ಟೆ ನಾನೇ ಒಗೆಯುದು!” ಎಂದುಬಿಟ್ಟೆ. ಅವಳು ಕ್ಯಾಲೆಂಡರಿನಲ್ಲಿ ದೀಪಾವಳಿಯ ಸುತ್ತ ಪೆನ್ನಿನಿಂದ ಒಂದು ಉರುಟು ಹಾಕಿದಳು. ಆ ಉರುಟು ಅಂದಿನಿಂದ ನನ್ನನ್ನೇ ನೋಡುತ್ತಿತ್ತು.

ಬೋರ್ಡುಗಳನ್ನೂ ಅವುಗಳ ಜೊತೆಗೆ ಜಿತೇಂದ್ರ ಕೊಟ್ಟ ಒಂದು ಹಳೆಯ ಕಂಪ್ಯೂಟರನ್ನೂ ಉಗ್ರಾಣದಲ್ಲಿ ಅಕ್ಕಿ ಪೆಟ್ಟಿಗೆಯ ಮೇಲೆ ಸ್ಥಾಪಿಸಿದೆವು. ಅವಕ್ಕೆ ಬೇಕಾದದ್ದು ಹನ್ನೆರಡೇ ವೋಲ್ಟು, ಆದರೆ ಕುಡಿಯುವ ಕರೆಂಟು ವಿಪರೀತ. ಅದಕ್ಕಾಗಿ ಇಟ್ಟಿಗೆಯಷ್ಟು ದೊಡ್ಡದೊಂದು ಪವರ್ ಸಪ್ಲೈ. ಹಸಿರು ದೀಪ ಹೊತ್ತಿದರೆ ದುಡಿಮೆ, ಕೆಂಪು ದೀಪ ಹೊತ್ತಿದರೆ ಮುಷ್ಕರ. ನಮ್ಮಲ್ಲಿ ದಿನದ ಮುಕ್ಕಾಲು ಪಾಲು ಮುಷ್ಕರವೇ ನಡೆಯುತ್ತಿತ್ತು. ನಾನು ಪಿನ್ನು ತೆಗೆದೆ, ಊದಿದೆ, ಪುನಃ ಹಾಕಿದೆ. ವಯರು ಬದಲಿಸಿದೆ. ಒಂದು ಪಿನ್ನು ಬಿಸಿಯಾಗಿ ಪ್ಲಾಸ್ಟಿಕ್ ಕರಗಿದ ವಾಸನೆ ಬಂದಾಗ ಬೀಸಣಿಗೆಯಿಂದ ಗಾಳಿ ಹಾಕಿದೆ. ಪವರ್ ಸಪ್ಲೈಯ ಕಬ್ಬಿಣದ ಕವಚ ಮುಟ್ಟಿದರೆ ಮೊಣಕೈವರೆಗೆ ಝುಂ ಎನ್ನುತ್ತಿತ್ತು. ಅದಕ್ಕೆ ರಬ್ಬರ್ ಚಪ್ಪಲಿ ಹಾಕಿಕೊಂಡೇ ಉಗ್ರಾಣ ಹೊಕ್ಕೆ. ನಮ್ಮ ಮನೆಯಲ್ಲಿ ಚಪ್ಪಲಿ ಹಾಕಿ ಒಳಗೆ ಓಡಾಡಿದ ಮೊದಲ ಮನುಷ್ಯ ನಾನೇ. ಅದಕ್ಕೂ ಬೈಗುಳ ತಿಂದೆ.

ಕೊನೆಗೆ ರೋಗದ ಮೂಲ ಪತ್ತೆಯಾಯಿತು. ಪರಮೇಶ್ವರಿ ದೋಸೆಗೆ ಕಡೆಯಲು ಗ್ರೈಂಡರ್ ಹಾಕಿದ ಕ್ಷಣಕ್ಕೆ ಸರಿಯಾಗಿ ನಾಲ್ಕೂ ಬೋರ್ಡುಗಳಿಗೆ ಕೆಂಪು ದೀಪ! ಅಂದಿನಿಂದ ಒಂದು ಒಪ್ಪಂದವಾಯಿತು. ಅವಳು ಅಡುಗೆಮನೆಯಿಂದ “ಹಾಕ್ತೇನೆ!” ಎಂದು ಕೂಗಬೇಕು. ನಾನು ಎಲ್ಲಿದ್ದರೂ ಓಡಿಬಂದು ಬೋರ್ಡುಗಳನ್ನು ಮರ್ಯಾದೆಯಿಂದ ಮಲಗಿಸಿ “ಹಾಕು!” ಎನ್ನಬೇಕು. ಒಮ್ಮೆ ಮೈಗೆಲ್ಲ ಸಾಬೂನು ಹಚ್ಚಿಕೊಂಡಿದ್ದಾಗ “ಹಾಕ್ತೇನೆ!” ಕೇಳಿಸಿತು. ಉಳಿದದ್ದನ್ನು ನೀವೇ ಊಹಿಸಿಕೊಳ್ಳಿ.

ವಯರಿಂಗ್ ಕೆಲಸದ ಲೋಕಯ್ಯನನ್ನು ಕರೆಸಿದೆ. ಅವನು ಮೀಟರಿನ ಹತ್ತಿರ ಹೋಗಿ ಅಳೆದು ನೋಡಿ ತಲೆ ಕೆರೆದುಕೊಂಡ. “ನೂರ ಅರುವತ್ತು ವೋಲ್ಟೇ ಬರುದು ಮಾಷ್ಟ್ರೇ. ಗ್ರೈಂಡರ್ ಹಾಕಿದ್ರೆ ಅದೂ ಇಲ್ಲ. ನಿಮಗೆ ತ್ರೀ ಫೇಸ್ ಬೇಕು, ಅರ್ಜಿ ಕೊಡಿ. ಮತ್ತೆ ಈ ಝುಂ ಹೋಗ್ಬೇಕಾದ್ರೆ ಅರ್ತಿಂಗ್ ಸರಿ ಮಾಡ್ಬೇಕು. ಎಂಟಡಿ ಗುಂಡಿ ತೆಗೆದು ಇದ್ದಿಲು, ಉಪ್ಪು ಹಾಕಿ ತಾಮ್ರದ ತಗಡು ಇಡುವ.”

ಗುಂಡಿಗೆ ಮೆತ್ತಗಿನ ಮಣ್ಣು ಸಿಕ್ಕಿದ್ದು ಕಂಪೌಂಡಿನ ಮೂಲೆಯಲ್ಲಿ. ಆಚೆ ದೇವಸ್ಥಾನದ ಹೆಬ್ಬಾಗಿಲು. ಆಗ ಅದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಅರ್ಜಿ ಬರೆಯಲು ಕುಳಿತೆ. ಇಲ್ಲಿ ನನ್ನ ಒಂದು ವ್ರತದ ಬಗ್ಗೆ ಹೇಳಬೇಕು. ಕಾಸರಗೋಡಿನಲ್ಲಿ ಕನ್ನಡದಲ್ಲೇ ಅರ್ಜಿ ಕೊಡುವುದು ನಮ್ಮ ಹಕ್ಕು. ಬ್ಯಾಂಕು, ಪಂಚಾಯತು, ಆಸ್ಪತ್ರೆ, ಎಲ್ಲಿಯೂ ನಾನು ಕನ್ನಡ ಬಿಟ್ಟವನಲ್ಲ. ಅದೂ ಅಚ್ಚುಕಟ್ಟಾದ, ಇಂಗ್ಲಿಷಿನ ಗಾಳಿ ಸೋಕದ ಕನ್ನಡ!

“ಮನೆಗೆ ತ್ರೀ ಫೇಸ್ ಬೇಕು ಅಂತ ಬರೆದು ಬಿಡಿ, ಸಾಕು” ಎಂದಳು ಪರಮೇಶ್ವರಿ.

“ಉದ್ದೇಶ ಅಂತ ಒಂದು ಕಲಂ ಉಂಟು. ಅಲ್ಲಿ ‘ಎಫ್‌ಪಿಜಿಎ ಬೋರ್ಡಿನಲ್ಲಿ ಕ್ರಿಪ್ಟೊ ಮೈನಿಂಗ್’ ಅಂತ ಬರೆಯುದಾ? ನಾನು? ಕನ್ನಡ ಪಂಡಿತ?”

ಆ ನಾಲ್ಕು ಅಕ್ಷರಗಳ ಪೂರ್ಣರೂಪವನ್ನು ಜಿತೇಂದ್ರನಲ್ಲಿ ಕೇಳಿ, ನಿಘಂಟು ತೆರೆದು, ಒಂದೊಂದೇ ಶಬ್ದವನ್ನು ಕನ್ನಡಕ್ಕೆ ತಂದೆ. ಫೀಲ್ಡ್ ಎಂದರೆ ಕ್ಷೇತ್ರ. ಪ್ರೋಗ್ರಾಮೆಬಲ್ ಎಂದರೆ ಯೋಜನೀಯ. ಗೇಟ್ ಎಂದರೆ ದ್ವಾರ. ಅರೇ ಎಂದರೆ ವ್ಯೂಹ. ಕ್ರಿಪ್ಟೊ ಎಂದರೆ ಗುಪ್ತ. ಮೈನಿಂಗ್ ಎಂದರೆ ಖನನ. ಮಧ್ಯಾಹ್ನದ ಹೊತ್ತಿಗೆ ವಾಕ್ಯ ಸಿದ್ಧವಾಯಿತು: “ಕ್ಷೇತ್ರ ಯೋಜನೀಯ ದ್ವಾರವ್ಯೂಹ ಫಲಕಗಳ ಮೂಲಕ ಗುಪ್ತನಾಣ್ಯ ಖನನ.” ಎರಡು ಸಲ ಗಟ್ಟಿಯಾಗಿ ಓದಿದೆ. ರೋಮಾಂಚನವಾಯಿತು. ಆ ಹುಮ್ಮಸ್ಸಿನಲ್ಲೇ ಜಿತೇಂದ್ರನ ಚೀಟಿಯ ಹನ್ನೆರಡು ಇಂಗ್ಲಿಷ್ ಶಬ್ದಗಳನ್ನೂ ಕನ್ನಡಕ್ಕೆ ಅನುವಾದಿಸಿ ಬರೆದುಕೊಂಡು, ಮೂಲ ಚೀಟಿಯನ್ನು ಒಲೆಗೆ ಹಾಕಿದೆ. ಕಳ್ಳನ ಕೈಗೆ ಸಿಕ್ಕಿದರೂ ಅವನಿಗೆ ಅರ್ಥವಾಗಬಾರದಲ್ಲ!

ಕರೆಂಟಾಫೀಸಿಗೆ ಅರ್ಜಿ ಕೊಟ್ಟು ಹತ್ತು ದಿನವಾಗಿರಬಹುದು. ದೇವಸ್ಥಾನದ ಸಮಿತಿಯ ಅಧ್ಯಕ್ಷ ವೆಂಕಟಕೃಷ್ಣರು ಫೋನ್ ಮಾಡಿದರು. ನಮಸ್ಕಾರ ಇಲ್ಲ, ಎಂತದೂ ಇಲ್ಲ.

“ಮಾಷ್ಟ್ರೇ, ದೇವಸ್ಥಾನದ ಬಾಗಿಲಿನಲ್ಲಿ ನಿಮಗೆಂತ ಕೆಲಸ?”

“ದಿನಾ ಕೈ ಮುಗಿದು ಬರ್ತೇನಲ್ಲ?”

“ಕೈ ಮುಗಿಯುದು ಗೊತ್ತುಂಟು. ಅಗೆಯುದು ಯಾವಾಗಿಂದ?”

ಫೋನ್ ಕಟ್ಟಾಯಿತು. ಮರುದಿನ ಬೆಳಿಗ್ಗೆ ಮನೆಯೆದುರು ಜೀಪು ನಿಂತಿತು. ವಿಲ್ಲೇಜ್ ಆಫೀಸರ್ ಮೇಡಂ, ಕರೆಂಟಾಫೀಸಿನ ಓವರ್‌ಸಿಯರ್, ಒಬ್ಬ ಪೊಲೀಸು. ಹಿಂದೆ ಸ್ಕೂಟರಿನಲ್ಲಿ ವೆಂಕಟಕೃಷ್ಣರು. ನನ್ನ ವಂಶದಲ್ಲಿ ಯಾರ ಮನೆಗೂ ಪೊಲೀಸು ಬಂದದ್ದಿಲ್ಲ.

ಮೇಡಂ ತೆಂಕಿನವರು, ಮಲೆಯಾಳ ಮಾತೃಭಾಷೆ, ಕನ್ನಡ ಸ್ವಲ್ಪ ಸ್ವಲ್ಪ. “ಮಾಷೆ, ನಿಮ್ಮ ಅಪೇಕ್ಷೆಯಲ್ಲಿ, ಅಂದ್ರೆ ಅರ್ಜಿಯಲ್ಲಿ, ಕ್ಷೇತ್ರ ಅಂತ ಉಂಟು. ದ್ವಾರ ಅಂತ ಉಂಟು. ಗುಪ್ತನಾಣ್ಯ, ಖನನ. ಎಲ್ಲ ನಮ್ಮ ಮಲೆಯಾಳದಲ್ಲಿಯೂ ಉಂಟಲ್ಲ! ಕ್ಷೇತ್ರ ಅಂದ್ರೆ ದೇವಸ್ಥಾನ. ದೇವಸ್ಥಾನದ ಬಾಗಿಲಿನಲ್ಲಿ ಅಡಗಿಸಿಟ್ಟ ನಾಣ್ಯ ಅಗೆಯಲಿಕ್ಕೆ ನಿಮಗೆ ತ್ರೀ ಫೇಸ್ ಕರೆಂಟಾ?”

ನಾನು ಬಾಯಿ ತೆರೆಯುವಷ್ಟರಲ್ಲಿ ಪೊಲೀಸು ಗುಂಡಿ ಕಂಡುಹಿಡಿದಿದ್ದ.

“ಇದು ಎಂತದು?”

ಅರ್ತಿಂಗ್ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಹೆದರಿಕೆಯಾದಾಗ ನನ್ನ ಕನ್ನಡ ಇನ್ನೂ ಶುದ್ಧವಾಗುತ್ತದೆ. “ಭೂಸಂಪರ್ಕ” ಎಂದೆ.

“ಒಳಗೆ ಎಂತ ಹಾಕಿದ್ದು?”

“ಇದ್ದಿಲು, ಉಪ್ಪು, ತಾಮ್ರದ ತಗಡು.”

“ತಾಮ್ರದ ತಗಡಾ!” ವೆಂಕಟಕೃಷ್ಣರು ಎರಡು ಹೆಜ್ಜೆ ಹಿಂದೆ ಸರಿದರು. “ಅದರಲ್ಲಿ ಎಂತಾದ್ರೂ ಬರೆದದ್ದುಂಟಾ?”

“ನಾಣ್ಯ ಸಿಕ್ಕಿತಾ?” ಎಂದು ಪೊಲೀಸು ಕೇಳಿದ.

ನಾನು ಸುಳ್ಳು ಹೇಳುವವನಲ್ಲ. “ಈವರೆಗೆ ನೂರ ಹದಿನಾಲ್ಕು.”

“ಎಲ್ಲಿ ಉಂಟು?”

“ಪರ್ಸಿನಲ್ಲಿ.”

ಅವನು ಕೈ ಚಾಚಿದ. ಕಿಸೆಯ ಪರ್ಸನ್ನೇ ಕೊಟ್ಟೆ. ಒಳಗೆ ಬಸ್ಸಿನ ಟಿಕೇಟು, ಗಂಧದ ಪ್ರಸಾದ ಮತ್ತು ಆ ಚೀಟಿ. ವೆಂಕಟಕೃಷ್ಣರು ಕನ್ನಡಕ ಏರಿಸಿ ಓದಿದರು: “ಕಾನನ, ಹರ್ಷ, ಸಂಕ್ಷೋಭ, ಜಲಾಶಯ... ಅಯ್ಯಯ್ಯೋ, ಮಂತ್ರ!”

ಇನ್ನು ನನ್ನ ಕಥೆ ಮುಗಿಯಿತು, ಪೆನ್ಶನ್ನೂ ಹೋಯಿತು, ಮಾನವೂ ಹೋಯಿತು ಎಂದು ನಾನು ಬಾವಿಕಟ್ಟೆ ಹಿಡಿದು ಕುಳಿತೆ. ಅಷ್ಟರಲ್ಲಿ ಪರಮೇಶ್ವರಿ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದಳು.

“ಕಂಪ್ಯೂಟರ್ ಮೇಡಂ, ಬೇರೆ ಎಂತದೂ ಅಲ್ಲ. ಇವರಿಗೆ ಅದನ್ನು ಮನುಷ್ಯರು ಹೇಳುವ ಹಾಗೆ ಹೇಳ್ಲಿಕ್ಕೆ ಬರುದಿಲ್ಲ. ಬನ್ನಿ ಒಳಗೆ.”

ಎಲ್ಲರನ್ನೂ ಉಗ್ರಾಣಕ್ಕೆ ಕರೆದುಕೊಂಡು ಹೋಗಿ ನಾಲ್ಕು ಹಸಿರು ದೀಪ ತೋರಿಸಿದಳು. ಮತ್ತೆ ಅಡುಗೆಮನೆಗೆ ಹೋಗಿ “ಹಾಕ್ತೇನೆ!” ಎಂದು ಕೂಗಿದಳು. ನಾನು ಎದ್ದು ಓಡುವ ಮೊದಲೇ ಗ್ರೈಂಡರ್ ಗುರ್ ಎಂದಿತು. ನಾಲ್ಕೂ ದೀಪ ಕೆಂಪಾದವು. “ಇದಕ್ಕೆ ತ್ರೀ ಫೇಸ್ ಕೇಳಿದ್ದು. ಗುಂಡಿ ಅರ್ತಿಂಗಿನದ್ದು” ಎಂದಳು. ಓವರ್‌ಸಿಯರ್ ಮೊದಲು ನಕ್ಕ. ಆಮೇಲೆ ಮೇಡಂ ನಕ್ಕರು. ಪೊಲೀಸು ಗೋಡೆ ಹಿಡಿದುಕೊಂಡು ನಕ್ಕ. ವೆಂಕಟಕೃಷ್ಣರು ಮಾತ್ರ ಹೋಗುವಾಗ ನನ್ನ ಕಿವಿಯಲ್ಲಿ, “ನಿಜ ಹೇಳಿ ಮಾಷ್ಟ್ರೇ, ಗುಂಡಿಯಲ್ಲಿ ಎಂತದೂ ಸಿಕ್ಲಿಲ್ವಾ?” ಎಂದು ಕೇಳಿದರು.

ಬೇರೆ ಅರ್ಜಿ ಕೊಡಲು ಮೇಡಂ ಹೇಳಿದರು. ಪರಮೇಶ್ವರಿ ಅಲ್ಲೇ ನಿಂತು ಬರೆದಳು, ಕನ್ನಡದಲ್ಲೇ: “ನಮ್ಮ ಮನೆಗೆ ತ್ರೀ ಫೇಸ್ ಬೇಕು. ಗ್ರೈಂಡರ್ ಓಡುವುದಿಲ್ಲ.” ಮೇಡಂ ಅದನ್ನು ತಡವರಿಸದೆ ಓದಿ, “ಈ ಕನ್ನಡ ನನಗೂ ಗೊತ್ತಾಗ್ತದೆ” ಎಂದರು. ನನಗೆ ಸಂಕಟವಾಯಿತು. ಸಹಿ ಹಾಕುವ ನೆಪದಲ್ಲಿ ಗ್ರೈಂಡರ್ ಎಂಬುದನ್ನು ‘ಪೇಷಣಯಂತ್ರ’ ಎಂದು ತಿದ್ದಹೊರಟೆ. “ಪೆನ್ನು ಇಲ್ಲಿ ಕೊಡಿ” ಎಂದಳು. ಕೊಟ್ಟೆ.

ತ್ರೀ ಫೇಸ್ ಬಂತು, ಗ್ರೈಂಡರ್ ಓಡಿತು. ಆದರೆ ಯಾವ ಜೀಪಿನ ಸದ್ದು ಕೇಳಿದರೂ ನಾನು ಓಡಿಹೋಗಿ ಉಗ್ರಾಣದ ಬಾಗಿಲು ಹಾಕತೊಡಗಿದ್ದೆ. ಬೋರ್ಡುಗಳನ್ನೂ ಹಳೆಯ ಕಂಪ್ಯೂಟರನ್ನೂ ಜಿತೇಂದ್ರನಿಗೇ ಸಿಕ್ಕಿದ ಕ್ರಯಕ್ಕೆ ಹಿಂದೆ ಕೊಟ್ಟೆ. ಅದು ಬಚ್ಚಲಿನ ಒಂದು ಬಕೆಟಿಗೂ ಗ್ರೈಂಡರಿನ ಹೊಸ ಬೆಲ್ಟಿಗೂ ಸರಿಹೋಯಿತು.

ದೀಪಾವಳಿಗೆ ನಾಲ್ಕು ದಿನ ಇರುವಾಗ ಜಿತೇಂದ್ರ ಬೈಕಿನಲ್ಲಿ ಓಡೋಡಿ ಬಂದ. ಅಂಗಳದಿಂದಲೇ ಕೂಗಿದ: “ಮಾಷ್ಟ್ರೇ, ಆ ನಾಣ್ಯದ ರೇಟು ಏರಿದ್ದು ಗೊತ್ತುಂಟಾ? ನಿಮ್ಮ ನೂರ ಹದಿನಾಲ್ಕಕ್ಕೆ ಈಗ ಒಳ್ಳೆಯದೇ ಒಂದು ವಾಷಿಂಗ್ ಮೆಷಿನ್ ಬರ್ತದೆ!”

ನಾನು ಪರಮೇಶ್ವರಿಯ ಕಡೆ ತಿರುಗಿದೆ. ಆ ಕ್ಷಣದ ನನ್ನ ಗತ್ತನ್ನು ನೀವು ನೋಡಬೇಕಿತ್ತು. ಅವಳ ಮುಖವೂ ಅರಳಿತು. ಪಾಪ, ಅವಳ ಕೈ ತಾನಾಗಿಯೇ ಸೊಂಟದ ಮೇಲೆ ಹೋಯಿತು.

“ಹಳೇ ಕಂಪ್ಯೂಟರ್ ಅಳಿಸಿ ಮಾರಿ ಆಯ್ತು. ತೊಂದ್ರೆ ಇಲ್ಲ, ಹನ್ನೆರಡು ಶಬ್ದ ಉಂಟಲ್ಲ? ಹೇಳಿ” ಎಂದು ಜಿತೇಂದ್ರ ಫೋನ್ ಹಿಡಿದು ಕುಳಿತ.

ಪರ್ಸಿನಿಂದ ಚೀಟಿ ತೆಗೆದು ಗಂಭೀರವಾಗಿ ಓದಿದೆ. “ಕಾನನ.”

“ಅದೆಂತ ಮಾಷ್ಟ್ರೇ? ಇಂಗ್ಲಿಷಿನಲ್ಲಿ ಹೇಳಿ. ಫಾರೆಸ್ಟಾ, ಜಂಗಲ್ಲಾ, ವುಡ್ಡಾ?”

ನಾನು ಚೀಟಿಯನ್ನು ದಿಟ್ಟಿಸಿದೆ. “ಮೂರರಲ್ಲಿ ಒಂದು.”

“ಹರ್ಷ? ಹ್ಯಾಪಿಯಾ, ಜಾಯಾ?”

“ಎರಡರಲ್ಲಿ ಒಂದು.”

“ಸಂಕ್ಷೋಭ?”

ಸಂಕ್ಷೋಭ ಎಂದು ನಾನು ಯಾವ ಶಬ್ದಕ್ಕೆ ಬರೆದೆನೋ ಪರಮಾತ್ಮನಿಗೇ ಗೊತ್ತು. ನಿಘಂಟು ತೆಗೆದೆವು. ಒಂದೊಂದಕ್ಕೂ ಐದಾರು ಅರ್ಥ. ಜಿತೇಂದ್ರ ಎರಡು ದಿನ ಕುಳಿತು ಸಿಕ್ಕಿದ್ದನ್ನೆಲ್ಲ ಹಾಕಿ ನೋಡಿದ. ಬೀಗ ತೆರೆಯಲೇ ಇಲ್ಲ. ಮೂರನೆಯ ದಿನ ನನಗೆ ಕೈಮುಗಿದು, “ಈಗ ಅದು ನಿಜವಾಗಿಯೂ ಗುಪ್ತನಾಣ್ಯ ಆಯ್ತು ಮಾಷ್ಟ್ರೇ” ಎಂದು ಹೇಳಿ ಹೊರಟು ಹೋದ. ಮೂವತ್ತೈದು ಅಂಕದ ಹುಡುಗನ ಕನ್ನಡ ಆ ಒಂದು ಮಾತಿನಲ್ಲಿ ನೂರಕ್ಕೆ ನೂರು ಇತ್ತು.

ಪರಮೇಶ್ವರಿ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ದೀಪಾವಳಿಯ ಮರುದಿನ ಬೆಳಿಗ್ಗೆ ಕ್ಯಾಲೆಂಡರಿನ ಉರುಟನ್ನು ಒಮ್ಮೆ ನೋಡಿ, ಎರಡು ಬಕೆಟು ಬಟ್ಟೆ ತಂದು ನನ್ನ ಕಾಲಬುಡದಲ್ಲಿ ಇಟ್ಟಳು. ಮೇಲೊಂದು ಸಾಬೂನು.

“ಇದೆಂತ?” ಎಂದೆ.

“ನಿಮಗೆ ಅರ್ಥ ಆಗುವ ಭಾಷೆಯಲ್ಲೇ ಹೇಳ್ತೇನೆ” ಎಂದು ಬಾವಿಕಟ್ಟೆಯ ಕಲ್ಲಿನ ಕಡೆ ಕೈ ತೋರಿಸಿದಳು. “ವಸ್ತ್ರಪ್ರಕ್ಷಾಲನ.”