ಯಾರದೋ ಎದೆಬಡಿತ, ಕೆಂಪರಾಜುವಿನ ಮುದ್ದೆ

"ನೋಡ್ತಾ ಇರು, ಬೀಗರೂಟದ ಹೊತ್ಗೆ ಈ ಹೊಟ್ಟೆ ಎಲ್ಲೈತೆ ಅಂತ ನೀನೇ ಹುಡುಕ್ಬೇಕು!"

ಕೈಲಾಂಚದ ಕೆಂಪರಾಜು ನಡುಮನೆಯಲ್ಲಿ ನಿಂತು ಹೀಗೆ ಘೋಷಿಸಿದಾಗ ಕೇಳಿಸಿಕೊಂಡವಳು ಹೆಂಡತಿ ವೆಂಕಟಲಕ್ಷ್ಮಮ್ಮ ಒಬ್ಬಳೇ. ಅವಳು ಮುದ್ದೆ ತೊಳಸುವುದನ್ನೂ ನಿಲ್ಲಿಸಲಿಲ್ಲ. ಇಂಥ ಘೋಷಣೆಗಳನ್ನು ಆಕೆ ಮದುವೆಯಾದಾಗಿನಿಂದ ಕೇಳುತ್ತಲೇ ಬಂದಿದ್ದಳು.

ಘೋಷಣೆಗೆ ಕಾರಣ ಬಿಡದಿಯ ಕಾರ್ಖಾನೆಯ ಡಾಕ್ಟರು. ಕೆಂಪರಾಜು ಅಲ್ಲಿ ಕಾರಿನ ಬಿಡಿಭಾಗ ಮಾಡುವ ಸಾಲಿನಲ್ಲಿ ಸೂಪರ್‌ವೈಸರು. ವರ್ಷದ ತಪಾಸಣೆಯಲ್ಲಿ ಅವನ ರಕ್ತದಲ್ಲಿ ಕಂಡ ಕೊಬ್ಬಿಗೆ ಡಾಕ್ಟರೇ ಒಂದು ಕ್ಷಣ ಕನ್ನಡಕ ತೆಗೆದು ಒರೆಸಿಕೊಂಡರಂತೆ. ಬಾಡೂಟ ಬಂದ್, ನಾಲ್ಕು ಕೆಜಿ ಇಳಿಸಬೇಕು ಎಂದು ಅಪ್ಪಣೆಯಾಯಿತು. ಅಪ್ಪಣೆ ಆದದ್ದಾದರೂ ಯಾವಾಗ? ಅಕ್ಕನ ಮಗಳ ಮದುವೆ ನಿಶ್ಚಯವಾಗಿ, ಬೀಗರೂಟಕ್ಕೆ ಕುರಿ ಗೊತ್ತು ಮಾಡಿದ ಮೇಲೆ! ಸೋದರಮಾವನಾದವನು ಬೀಗರೂಟದ ಮೊದಲ ಪಂಕ್ತಿಯಲ್ಲಿ ಕೂರಲಿಲ್ಲವೆಂದರೆ ನಾಲ್ಕು ಊರಲ್ಲಿ ಮಾತಾಗುತ್ತದೆ.

ವೆಂಕಟಲಕ್ಷ್ಮಮ್ಮ ಒಂದೇ ಷರತ್ತು ಹಾಕಿದಳು. ನಾಲ್ಕು ಕೆಜಿ ಇಳಿದರೆ ಪಂಕ್ತಿಯಲ್ಲಿ ಕೂರುವುದು. ಇಲ್ಲದಿದ್ದರೆ ಬಕೆಟ್ ಹಿಡಿದು ಬಡಿಸುವುದು. ಷರತ್ತು ಹೇಳಿದ ಮೇಲೆ ದನಿ ತಗ್ಗಿಸಿ ಇನ್ನೊಂದು ಮಾತು ಸೇರಿಸಿದಳು: "ನಿಮ್ಮಪ್ಪ ಹೋದಾಗ ಇಷ್ಟೇ ವಯಸ್ಸು. ನಂಗೆ ಭಯ ಆಯ್ತದೆ ಕಣ್ರೀ."

ಆ ಮಾತು ಕೆಂಪರಾಜುವಿಗೂ ತಾಗಿತು. ಆದರೆ ಗಂಡಸು ನೋಡಿ, ತಾಗದವನಂತೆ ಮೀಸೆ ತಿರುವಿದ.

ಅಷ್ಟರಲ್ಲಿ ಅವಳ ತಮ್ಮ ಜಯಕುಮಾರ್ ಒಂದು ಪೆಟ್ಟಿಗೆ ತಂದುಕೊಟ್ಟ. ಅವನೂ ಅದೇ ಕಾರ್ಖಾನೆಯವನು. ಫಾರಿನ್ ಸಾಹೇಬರೊಬ್ಬರು ಊರಿಗೆ ಹೊರಡುವಾಗ ಬಿಟ್ಟುಹೋದ ಪೆಟ್ಟಿಗೆ ಅದು. ಒಳಗೆ ಒಂದು ವಾಚು, ಎರಡು ಬೆಲ್ಟು. ಬೆಲ್ಟನ್ನು ಒದ್ದೆ ಮಾಡಿ ಎದೆಗೆ ಕಟ್ಟಿಕೊಂಡರೆ ಎದೆ ಬಡಿದದ್ದೆಲ್ಲ ಕೈಯ ವಾಚಿಗೆ ಗೊತ್ತಾಗಿ, ಎಷ್ಟು ಕ್ಯಾಲೊರಿ ಕರಗಿತೆಂದು ಅದು ಲೆಕ್ಕ ಕೊಡುತ್ತದಂತೆ. ಒಂದು ಮುದ್ದೆಗೆ ಎಷ್ಟು ಕ್ಯಾಲೊರಿ ಎಂಬುದನ್ನೂ ಜಯಕುಮಾರ್ ಹೇಳಿಕೊಟ್ಟ. ಅಂದಿನಿಂದ ಮನೆಯಲ್ಲಿ ಹೊಸ ಕಾನೂನು ಬಂತು. ಸಂಜೆ ವಾಚು ಎಷ್ಟು ತೋರಿಸುತ್ತದೋ ರಾತ್ರಿ ತಟ್ಟೆಗೆ ಅಷ್ಟೇ ಮುದ್ದೆ. ಎರಡನೆಯ ಬೆಲ್ಟನ್ನು ಕೆಂಪರಾಜು ಬೀರುವಿನಲ್ಲಿಟ್ಟು ಮರೆತ.

ಸಂಜೆ ಕಾರ್ಖಾನೆ ಬಸ್ಸಿಳಿದು, ಬೆಲ್ಟು ಬಿಗಿದು, ಕೆರೆ ಏರಿ ದಾಟಿ ಹುಣಸೆಮರದವರೆಗೆ ನಡಿಗೆ. ಅಲ್ಲಿ ತುಸು ಕೂತು ವಾಪಸು.

ಆ ಹುಣಸೆಮರದ ವಿಷಯ ಹೇಳಲೇಬೇಕು. ಅವನ ಅಪ್ಪ ರಾಮಲಿಂಗಯ್ಯ ಒಂದು ಸಂಜೆ ಹಿಪ್ಪುನೇರಳೆ ಸೊಪ್ಪಿನ ಹೊರೆ ಇಳಿಸಿ, ಆ ಮರಕ್ಕೆ ಒರಗಿ ಕೂತವರು ಮತ್ತೆ ಏಳಲಿಲ್ಲ. ಅಂದಿನಿಂದ ಹೊತ್ತು ಮುಳುಗುವ ಸಮಯಕ್ಕೆ ಅತ್ತ ಯಾರೂ ಸುಳಿಯುವುದಿಲ್ಲ. ಹಣ್ಣು ಉದುರಿದರೂ ಆರಿಸುವವರಿಲ್ಲ. ಕಾಂಡದಲ್ಲೊಂದು ಪೊಟರೆ, ಅದರ ಬೆನ್ನಿಗೇ ಒತ್ತಾಗಿ ಬೆಳೆದ ಹಿಪ್ಪುನೇರಳೆ ತೋಟ. ಗಾಳಿಯಿಲ್ಲದಿದ್ದರೂ ಅಲ್ಲಿ ಸೊಪ್ಪು ಸರಸರ ಎನ್ನುತ್ತದೆ.

ಮೊದಲ ದಿನ ಕೆಂಪರಾಜು ಅಲ್ಲಿ ಕೂತು ಸುಧಾರಿಸಿಕೊಂಡ. ವಾಚಿನಲ್ಲಿ ಎದೆಬಡಿತದ ಅಂಕಿ ಇಳಿಯುತ್ತಾ ಬಂತು. ಇನ್ನು ಏಳೋಣ ಎನ್ನುವಾಗ ಅದು ಇದ್ದಕ್ಕಿದ್ದಂತೆ ನೂರ ಅರವತ್ತೆಂಟಕ್ಕೆ ಜಿಗಿಯಿತು. ಗಾಬರಿಯಾಗಿ ಎದೆ ಮೇಲೆ ಕೈಯಿಟ್ಟು ನೋಡಿದ. ಒಳಗೆ ಅವನ ಎದೆ ತನ್ನ ಪಾಡಿಗೆ ತಾನು ಲಬ್ ಡಬ್ ಅನ್ನುತ್ತಿತ್ತು. ವಾಚಿನಲ್ಲಿ ಮಾತ್ರ ಯಾರದೋ ಎದೆ ಹುಚ್ಚೆದ್ದು ಬಡಿಯುತ್ತಿತ್ತು. ಸುತ್ತ ನರಪಿಳ್ಳೆಯಿಲ್ಲ. ನೋಡುತ್ತಿದ್ದಂತೆ ಆ ಅಂಕಿ ನಿಧಾನವಾಗಿ ಇಳಿಯತೊಡಗಿತು, ಓಡಿ ಬಂದ ಯಾರೋ ಅವನ ಬೆನ್ನಿಗೇ ಕೂತು ಉಸಿರು ತಂದುಕೊಳ್ಳುತ್ತಿರುವ ಹಾಗೆ.

ಕೆಂಪರಾಜುವಿನ ಮೈ ರೋಮಗಳೆಲ್ಲ ನೆಟ್ಟಗಾದವು. ಈಗ ಅವನ ಸ್ವಂತ ಎದೆಯೂ ಡವಡವ ಎನ್ನತೊಡಗಿತು. ಮನೆಗೆ ಬಂದು ನೋಡಿದರೆ ವಾಚು ಕ್ಯಾಲೊರಿಯನ್ನು ಧಾರಾಳವಾಗಿ ಸುರಿದಿತ್ತು! ಅದಕ್ಕೆ ಗೊತ್ತಿದ್ದದ್ದು ಇವನ ತೂಕ, ಇವನ ವಯಸ್ಸು ಮತ್ತು ಬಡಿತದ ಲೆಕ್ಕ ಅಷ್ಟೇ. ಓಡಿದ್ದಕ್ಕೆ ಬಡಿಯಿತೋ, ಹೆದರಿದ್ದಕ್ಕೆ ಬಡಿಯಿತೋ, ಬಡಿದದ್ದು ಯಾರ ಎದೆಯೋ ಎಂದು ವಿಚಾರಿಸುವ ಅಭ್ಯಾಸ ಅದಕ್ಕಿರಲಿಲ್ಲ. ಆ ರಾತ್ರಿ ತಟ್ಟೆಗೆ ಎರಡು ಮುದ್ದೆ ಬಿತ್ತು. ಬಡಿಸುವಾಗ ವೆಂಕಟಲಕ್ಷ್ಮಮ್ಮ ಯಾಕೋ ಬೆವತಿದ್ದಳು. ಒಲೆ ಮುಂದೆ ಇದ್ದವಳು ಬೆವರದೆ ಇರುತ್ತಾಳೆಯೇ ಎಂದುಕೊಂಡ.

ದಿನವೂ ಹಾಗೇ ಆಯಿತು. ಕೂತ ಸ್ವಲ್ಪ ಹೊತ್ತಿಗೆ ಜಿಗಿತ, ಆಮೇಲೆ ಇಳಿತ. ಇದು ಅಪ್ಪನದೇ ಎದೆ ಎಂದು ಕೆಂಪರಾಜು ತೀರ್ಮಾನಿಸಿದ. ಹೊರೆ ಹೊತ್ತು ಓಡೋಡಿ ಬರುತ್ತಾನೆ, ಕೂರುತ್ತಾನೆ, ಸುಧಾರಿಸಿಕೊಳ್ಳುತ್ತಾನೆ. ಭಯದ ಜೊತೆಗೇ ಅವನಿಗೆ ಅಳುವೂ ಬಂತು. ಅಳುವಿನ ಜೊತೆಗೆ ಒಂದು ಉಪಾಯವೂ ಬಂತು! ಸತ್ತ ಮೇಲಾದರೂ ಅಪ್ಪನ ಆಸ್ತಿ ಮಗನಿಗೇ ತಾನೆ? ಕ್ಯಾಲೊರಿಯೊಂದು ಯಾಕೆ ಬಿಡಬೇಕು?

ಅಲ್ಲಿಂದ ನಡಿಗೆ ಕುಂಟಿತು, ಕೂರುವುದು ಬೆಳೆಯಿತು. ವಾಚಿನ ಧೈರ್ಯದ ಮೇಲೆ ಬಿಡದಿಯಲ್ಲಿ ಬಸ್ ಹತ್ತುವ ಮೊದಲು ಬೆಣ್ಣೆ ಹಾಕಿದ ತಟ್ಟೆ ಇಡ್ಲಿಯೂ ಶುರುವಾಯಿತು. ಒಂದು ಸಂಜೆ ಮರಕ್ಕೆ ಒರಗಿ ಮೆಲ್ಲಗೆ ಕೇಳಿಯೂ ಬಿಟ್ಟ: "ಅಪ್ಪ, ಬೀಗರೂಟ ಹತ್ರ ಬಂತು. ಒಸಿ ಜೋರಾಗಿ ಹೊಡ್ಕೊಳಪ್ಪ."

ಇಳಿಯುತ್ತಿದ್ದ ಅಂಕಿ ಆ ಮಾತಿಗೆ ಸರ್ರನೆ ಮೇಲೇರಿತು. ಬೆನ್ನ ಹಿಂದೆ ಸೊಪ್ಪು ಸರಸರ ಎಂದಿತು. ಕೆಂಪರಾಜು ಮರದ ಕಡೆ ತಿರುಗದೆ, ಕೈಮುಗಿದು, ಕಣ್ಣು ಮುಚ್ಚಿಕೊಂಡೇ ಎದ್ದು ಬಂದ. ಅಪ್ಪ ಕೇಳಿಸಿಕೊಳ್ಳುತ್ತಿದ್ದಾನೆ ಎಂಬುದರಲ್ಲಿ ಅವನಿಗೆ ಇನ್ನು ಅನುಮಾನ ಉಳಿಯಲಿಲ್ಲ.

ಬೀಗರೂಟದ ಹಿಂದಿನ ದಿನ ಶನಿವಾರ. ಬೆಲ್ಟು ಬೆವರಿಗೆ ತುರಿಸುತ್ತಿತ್ತೆಂದು ಬಿಚ್ಚಿ, ಅತ್ತ ದೂರದ ಬಂಡೆಯ ಮೇಲೆ ಒಣಗಲು ಹಾಕಿ ಬಂದು ಕೂತ. ಕೈಯ ವಾಚು ಖಾಲಿಯಾಗಬೇಕಿತ್ತು. ಆಗಲಿಲ್ಲ. ಅರವತ್ತೆಂಟು ತೋರಿಸಿತು. ಅವತ್ತು ಜಿಗಿತವಿಲ್ಲ, ಇಳಿತವಿಲ್ಲ, ಏದುಸಿರಿಲ್ಲ. ಬಹಳ ಹೊತ್ತಿನಿಂದ ಅಲ್ಲೇ ಕೂತವರ ಬಡಿತ ಅದು. ಎದ್ದು ನಾಲ್ಕು ಹೆಜ್ಜೆ ಆಚೆ ಹೋದ, ಅಂಕಿ ಮಾಯವಾಯಿತು. ಮರದ ಹತ್ತಿರ ಬಂದ, ಅಂಕಿ ಕಾದು ಕೂತಿತ್ತು.

"ಅಪ್ಪ," ಎಂದ. "ನನ್ನ ಕರ್ಕೊಂಡೋಗಕ್ಕೆ ಬಂದಿದ್ದೀಯೇನಪ್ಪ?"

ಅಂಕಿ ಅಲುಗಲಿಲ್ಲ. ಸೊಪ್ಪೂ ಅಲುಗಲಿಲ್ಲ.

ಕೆಂಪರಾಜು ಓಡಿದ. ಚಪ್ಪಲಿ ಒಂದು ಕಡೆ, ಬೆಲ್ಟು ಒಂದು ಕಡೆ ಬಿಟ್ಟು ಓಡಿದ. ಇಷ್ಟು ದಿನದಲ್ಲಿ ಅವನು ನಿಜವಾಗಿ ಮಾಡಿದ ವ್ಯಾಯಾಮ ಅದೊಂದೇ, ಅದಕ್ಕೆ ಲೆಕ್ಕವಿಡಲು ಎದೆಯ ಮೇಲೆ ಬೆಲ್ಟಿರಲಿಲ್ಲ. ಮನೆಗೆ ಬಂದರೆ ಬೀಗ. ಜಗುಲಿಯ ಮೇಲೆ ಗೋಡೆಗೆ ಬೆನ್ನು ಅಂಟಿಸಿ ಕೂತ. ಕತ್ತಲಾಗುವ ಹೊತ್ತಿಗೆ ವೆಂಕಟಲಕ್ಷ್ಮಮ್ಮ ಕೈಯಲ್ಲಿ ಬಟ್ಟೆ ಅಂಗಡಿಯ ಚೀಲ ಹಿಡಿದು ಬಂದಳು. ಯಾಕೆ ಹೀಗೆ ಕೂತಿದ್ದೀರಿ ಎಂದು ಕೇಳಿದ್ದಕ್ಕೆ, ಗಾಳಿಗೆ ಎಂದ.

ಭಾನುವಾರ ಬೆಳಗ್ಗೆ ತೂಕದ ಶಾಸ್ತ್ರ. ಅಮೀರ್‌ನ ರಾಗಿ ಮಿಲ್ಲಿನಲ್ಲಿ ಮೂಟೆ ತೂಗುವ ಯಂತ್ರದ ಮೇಲೆ ಕೆಂಪರಾಜು ಎದೆಯುಬ್ಬಿಸಿ ನಿಂತ. ಅಮೀರ್ ಮುಳ್ಳು ನೋಡಿ, ಕೈಯಲ್ಲಿರೋ ಗಂಟು ಕೆಳಗಿಟ್ಟು ನಿಂತ್ಕೊಳಿ ಅಣ್ಣ ಎಂದ. ಕೈಯಲ್ಲಿ ಗಂಟೇನೂ ಇರಲಿಲ್ಲ. ಮೂರು ಕೆಜಿ ಏರಿತ್ತು!

ವಾಚು ಸುಳ್ಳು ಹೇಳಲ್ಲ, ನಿನ್ನ ಯಂತ್ರವೇ ಕೆಟ್ಟಿದೆ ಎಂದು ಕೆಂಪರಾಜು ಜಗಳಕ್ಕೆ ನಿಂತ. ಪರೀಕ್ಷೆಗೆಂದು ಅಮೀರ್ ವೆಂಕಟಲಕ್ಷ್ಮಮ್ಮನನ್ನು ನಿಲ್ಲಿಸಿದ. ಅವಳು ಹೋದ ತಿಂಗಳು ರಾಗಿ ಬೀಸಿಸಲು ಬಂದಾಗ ಹೀಗೇ ನಿಂತು ನೋಡಿಕೊಂಡಿದ್ದಳಂತೆ. ಈಗ ಕರಾರುವಾಕ್ಕಾಗಿ ನಾಲ್ಕು ಕೆಜಿ ಕಮ್ಮಿ.

ಅವಳು ಸೆರಗಿನ ಮರೆಯಿಂದ ಎರಡನೆಯ ಬೆಲ್ಟನ್ನು ಎಳೆದು ಅವನ ಕೈಗಿಟ್ಟಳು.

"ಎರಡಿತ್ತಲ್ಲ, ಒಂದು ಹೆಂಗಸ್ರಿಗೆ ಅನ್ಕಂಡೆ. ಕಟ್ಕಂಡ್ರೆ ಕೊಬ್ಬು ಕರಗ್ತದೆ ಅಂತ ಕಟ್ಕತಿದ್ದೆ," ಎಂದಳು. "ನೀವು ರಸ್ತೆ ಹಿಡಿದ್ರೆ ನಾನು ತೋಟದೊಳಗಿಂದ ಓಡ್ಬಂದು ಮರದ ಹಿಂದೆ ಕೂರ್ತಿದ್ದೆ. ಮಾವ ಕೂತ ಜಾಗದಲ್ಲೇ ಹೋಗಿ ಕೂರ್ತೀರಿ. ನೀವು ಎದ್ದೇಳೋಗಂಟ ನನ್ನೆದೆ ನನ್ತಾವ ಇರ್ತಿರ್ಲಿಲ್ಲ. ಅವತ್ತು ಅಪ್ಪನ ಜೊತೆ ಮಾತಾಡಿದ್ರಲ್ಲ, ನನ್ನ ಜೀವಾನೇ ಹೋಗಿತ್ತು."

ಜಯಕುಮಾರನನ್ನು ಕೇಳಿದ್ದಕ್ಕೆ ಹೌದು ಭಾವ, ಹತ್ತಿರ ಯಾವ ಬೆಲ್ಟಿದ್ದರೂ ವಾಚು ಹಿಡಿಯುತ್ತದೆ ಎಂದು ನಕ್ಕ. ಓಡಿದವಳು ಅವಳು, ಹೆದರಿದವಳು ಅವಳು, ಕರಗಿದವಳು ಅವಳು. ಮುದ್ದೆ ನುಂಗಿದವನು ಮಾತ್ರ ಇವನು! ಕೆಂಪರಾಜುವಿಗೆ ನಾಚಿಕೆಯೂ ಆಯಿತು, ಇಷ್ಟು ದಿನ ತನಗಾಗಿ ಒಂದು ಎದೆ ಹಾಗೆ ಬಡಿದುಕೊಂಡಿತಲ್ಲ ಎಂದು ಕಣ್ಣೂ ತುಂಬಿತು. ದೆವ್ವವಿಲ್ಲ ಎಂಬ ನೆಮ್ಮದಿ ಬೇರೆ.

ಷರತ್ತು ಷರತ್ತೇ. ಮಧ್ಯಾಹ್ನ ಬೀಗರೂಟದ ಮೊದಲ ಪಂಕ್ತಿಯಲ್ಲಿ ವೆಂಕಟಲಕ್ಷ್ಮಮ್ಮ ಹೊಸ ಸೀರೆಯುಟ್ಟು ಕೂತಳು. ಸೋದರಮಾವ ಸೊಂಟಕ್ಕೆ ಟವೆಲ್ ಬಿಗಿದು, ಬಾಡಿನ ಸಾರಿನ ಬಕೆಟ್ ಹಿಡಿದು ಬಡಿಸುತ್ತಾ ಬಂದ. ಹೆಂಡತಿಯ ಎಲೆ ಮುಂದೆ ಬಗ್ಗಿದವನಿಗೆ ಚೇಷ್ಟೆ ಮಾಡುವ ಮನಸ್ಸಾಯಿತು.

"ನಿನ್ನೆ ಮಾತ್ರ ನನ್ನ ಚೆನ್ನಾಗಿ ಆಟ ಆಡಿಸ್ದೆ ಕಣಮ್ಮಿ. ಒಸೀನೂ ಅಲುಗದಂಗೆ ಕೂತಿದ್ದೆಯಲ್ಲ ಮರದ ಹಿಂದೆ."

ಅವಳು ತಲೆಯೆತ್ತಿದಳು. "ನಿನ್ನೆ ನಾನೆಲ್ಲಿ ಬಂದಿದ್ದೆ? ಸೀರೆ ತರಕ್ಕೆ ಚನ್ನಪಟ್ಟಣಕ್ಕೆ ಹೋಗಿರ್ಲಿಲ್ವಾ? ಬೆಲ್ಟು ಬೀರುವಿನಲ್ಲೇ ಇತ್ತು."

ಬಾಗಿಲಿನ ಬೀಗ, ಬಟ್ಟೆ ಅಂಗಡಿಯ ಚೀಲ, ಎರಡೂ ಕೆಂಪರಾಜುವಿನ ಕಣ್ಣ ಮುಂದೆ ಬಂದವು. ಸಾರು ತುಂಬಿದ ಸೌಟು ಬಕೆಟಿನ ಮೇಲೇ ನಿಂತುಬಿಟ್ಟಿತು. ಹಣೆಯಿಂದ ಬೆವರು ಇಳಿಯಿತು. ಪಂಕ್ತಿಯ ಗದ್ದಲದಲ್ಲೂ ಅವನ ಎದೆಯ ಸದ್ದು ಅವನಿಗೇ ಕೇಳಿಸುತ್ತಿತ್ತು.

ವೆಂಕಟಲಕ್ಷ್ಮಮ್ಮ ಎಲೆಯನ್ನು ಅವನ ಕಡೆಗೆ ಸರಿಸಿದಳು.

"ಈಗ ಆ ವಾಚು ಬೆಲ್ಟು ಕಟ್ಕಂಡಿದ್ರೆ ನಿಂತ ನಿಲುವಿಗೇ ನಾಕು ಮುದ್ದೆ ಸಂಪಾದ್ನೆ ಆಗಿರೋದು ಕಣ್ರೀ," ಎಂದಳು. "ಒಸಿ ಸಾರು ಬುಡಿ."