ಒಂದನೇ ನಂಬರಿನವರು ಆಡುವುದಿಲ್ಲ

ಅಂಗಡಿ ಬಾಗಿಲು ತೆಗೆದು ಕೂತವನಿಗೆ ದಿನಾ ಏನಾದರೊಂದು ಒದಗಿ ಬರುತ್ತಲೇ ಇರುತ್ತದೆ. ವ್ಯಾಪಾರ ಚೆನ್ನಾಗಿದ್ದಾಗ ಅದನ್ನೆಲ್ಲ ನೋಡಲು ಪುರುಸೊತ್ತಿರುವುದಿಲ್ಲ; ಕೆಟ್ಟಾಗ ಎಲ್ಲವೂ ಕಣ್ಣಿಗೆ ಬೀಳುತ್ತದೆ. ನಾನು ಇಲ್ಲಿ ಹೇಳುವುದೆಲ್ಲ ಕೆಟ್ಟಾಗಿನ ಮಾತು.

ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು. ಕೈಗೊಂದು ಮೊಬೈಲ್ ಬಂದು ಎಸ್‌ಟಿಡಿ ಬೂತಿನವರ ಬಾಯಿಗೆ ಮಣ್ಣು ಬಿದ್ದಿತ್ತು. ನನ್ನವು ಎರಡು ಬೂತು. ಒಂದು ಶಿವಮೊಗ್ಗದ ಬಸ್ ಸ್ಟ್ಯಾಂಡ್ ಹತ್ತಿರ, ಇನ್ನೊಂದು ಭದ್ರಾವತಿಯಲ್ಲಿ. ಎರಡನ್ನೂ ಸೈಬರ್ ಸೆಂಟರ್ ಮಾಡಿದೆ. ಶಿವಮೊಗ್ಗದಲ್ಲಿ ಹೆಂಡತಿ ಕೂರುತ್ತಿದ್ದಳು, ಭದ್ರಾವತಿಯಲ್ಲಿ ನಾನು. ಇಮೇಲ್ ನೋಡುವವರು ದಿನಕ್ಕೆ ನಾಲ್ಕು ಜನ ಬಂದರೆ ಹೆಚ್ಚು. ಅದಕ್ಕೆ ನವುಲೆ ಕಡೆಯ ಒಬ್ಬ ಇಂಜಿನಿಯರ್‌ನ ಹಿಡಿದು, ಎರಡೂ ಅಂಗಡಿಯ ಗಿರಾಕಿಗಳು ಕೂತಲ್ಲೇ ಎದುರುಬದುರಾಗಿ ಆಡುವಂಥ ಒಂದು ಆಟ ಬರೆಸಿದೆ. ಪರದೆಯ ಮೇಲಿಂದ ಬಣ್ಣದ ಕಲ್ಲುಗಳು ಬೀಳುತ್ತವೆ. ಒಂದೇ ಬಣ್ಣದ ಮೂರು ಜೋಡಿಸಿದರೆ ಕರಗುತ್ತವೆ. ನಿಮ್ಮಲ್ಲಿ ಕರಗಿದಷ್ಟು ಕಲ್ಲು ಎದುರಾಳಿಯ ತಲೆ ಮೇಲೆ ಬೀಳುತ್ತದೆ. ಯಾರ ಪರದೆ ಮೊದಲು ತುಂಬಿತೋ ಅವರು ಸೋತರು. ಆಟಕ್ಕೆ ಇಷ್ಟು ಅಂತ ದರ. ಗೆದ್ದವರು ಪಟ್ಟಿಯಲ್ಲಿ ಮೇಲೆ, ಸೋತವರು ಕೆಳಗೆ; ಹೆಸರು ಹಿಡಿದು ಸವಾಲು ಹಾಕಿದರೆ ಒಲ್ಲೆ ಅನ್ನುವಂತಿಲ್ಲ.

ಜನಕ್ಕೆ ರುಚಿ ಹತ್ತಿತು. ಆಮೇಲೆ ಶುರುವಾಯಿತು ನೋಡಿ.

ಪಟ್ಟಿ

ಮೊದಲ ಹತ್ತು ಜನರ ಹೆಸರನ್ನು ದೊಡ್ಡಕ್ಷರದಲ್ಲಿ ಬರೆದು ಎರಡು ಅಂಗಡಿಯ ಬಾಗಿಲಿಗೂ ಅಂಟಿಸಿದೆ. ಶಿವಮೊಗ್ಗದಲ್ಲಿ ಜನ ನಿಂತು ಓದಿದರು, ನಕ್ಕರು, ಒಳಗೆ ಬಂದರು. ಭದ್ರಾವತಿಯಲ್ಲಿ ಅಂಗಡಿ ಮುಂದೆ ಬರುತ್ತಿದ್ದವರು ಪಟ್ಟಿ ಕಂಡ ಕೂಡಲೇ ರಸ್ತೆಯ ಆಚೆ ಬದಿಗೆ ಹೋಗತೊಡಗಿದರು.

ನನಗೆ ಹೊಳೆಯಲಿಲ್ಲ. ಆಚೆ ವರ್ಷವಷ್ಟೇ ಊರಾಚೆಯ ಒಂದು ಸಣ್ಣ ಫೌಂಡ್ರಿ ಮುಚ್ಚಿತ್ತು. ಅಲ್ಲಿ ಜನರನ್ನು ತೆಗೆದದ್ದು ಹೀಗೆಯೇ. ವಾರಕ್ಕೊಂದು ಪಟ್ಟಿ, ಪಟ್ಟಿಗೆ ಹತ್ತು ಹೆಸರು, ಗೇಟಿಗೆ ಅಂಟಿಸಿ ಹೋಗುತ್ತಿದ್ದರು. ಹೆಸರು ಇದ್ದವನು ಮನೆಗೆ.

ಫರ್ನೇಸಿನಲ್ಲಿ ದುಡಿದ ಒಬ್ಬ ಮುದುಕರು ಧೈರ್ಯ ಮಾಡಿ ಮೆಟ್ಟಿಲ ಹತ್ತಿರ ಬಂದರು.

"ಸಾಮಿ, ಇದು ಎಷ್ಟನೇ ಪಟ್ಟಿ?"

"ಮೊದಲನೇದು."

"ಇನ್ನೂ ಬರ್ತವಾ?"

"ವಾರವಾರ ಹಾಕ್ತೀನಿ."

ಮುದುಕರು ತಲೆ ಮೇಲೆ ಕೈ ಇಟ್ಟುಕೊಂಡರು. "ನನ್ನ ಹೆಸರು ಇದ್ಯಾ ನೋಡಿ."

"ಇಲ್ಲ."

ಅವರು ನನ್ನ ಕಡೆಗೆ ಎರಡೂ ಕೈ ಮುಗಿದು, ಪಟ್ಟಿಗೂ ಒಮ್ಮೆ ಮುಗಿದು ಹೋದರು. ಮರುದಿನ ಯೂನಿಯನ್ನಿನ ಮುಖಂಡರೇ ಬಂದರು. ಈ ಹತ್ತು ಜನರನ್ನು ಯಾವ ಆಧಾರದ ಮೇಲೆ ಆರಿಸಿದಿರಿ ಎಂದು ಕೇಳಿದರು. ಚೆನ್ನಾಗಿ ಆಡಿದವರನ್ನು ಆರಿಸಿದ್ದೇನೆ ಅಂದೆ.

"ಯಾವಾಗ್ಲೂ ಅಷ್ಟೇ," ಅಂದರು ಅವರು. "ಕೆಲಸ ಬಲ್ಲವರನ್ನೇ ಮೊದಲು ತೆಗೀತಾರೆ."

ಕುರ್ಚಿ

ಆ ಪಟ್ಟಿಯ ಒಂದನೇ ನಂಬರಿನವರು ಒಬ್ಬ ಮೇಸ್ತ್ರಿ. ಅದೇ ಫೌಂಡ್ರಿಯಲ್ಲಿ ಮರದ ಅಚ್ಚು ಮಾಡುತ್ತಿದ್ದವರು. ಇಪ್ಪತ್ತಾರು ವರ್ಷ ಯಾವ ಆಕಾರ ಎಲ್ಲಿ ಕೂರುತ್ತದೆ ಅಂತ ನೋಡಿದ ಕಣ್ಣು. ಕಲ್ಲು ಬೀಳುವ ಮೊದಲೇ ಜಾಗ ಹುಡುಕಿ ಇಟ್ಟಿರುತ್ತಿದ್ದರು. ಎರಡು ತಿಂಗಳಲ್ಲಿ ಎಲ್ಲರನ್ನೂ ಕೆಡವಿ ಮೇಲೆ ಕೂತರು. ಕೂತ ದಿನದಿಂದ ಆಡುವುದನ್ನು ನಿಲ್ಲಿಸಿದರು.

ಬರುವುದು ಮಾತ್ರ ತಪ್ಪಿಸಲಿಲ್ಲ. ಬೆಳಿಗ್ಗೆ ಒಂಬತ್ತೂವರೆಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು ಕಿಟಕಿ ಪಕ್ಕದ ಕಂಪ್ಯೂಟರಿನ ಮುಂದೆ ಕೂರುವರು. ಮೌಸ್ ಮುಟ್ಟುವುದಿಲ್ಲ. ಆಗಾಗ ಕೆಮ್ಮುವರು.

"ಆಡಿ ಮೇಸ್ತ್ರಿ," ಅಂತ ನಾನು.

"ಸೋತ್ರೆ?"

"ಸೋತ್ರೆ ಎರಡನೇ ನಂಬರು. ಪ್ರಾಣ ಏನು ಹೋಗಲ್ವಲ್ಲ."

"ನೋಡಿ ಮಾರಾಯ್ರೆ," ಅಂದರು. "ಅಲ್ಲಿ ಅವರು ತೆಗೆದು ಹಾಕಿದ್ರು, ನನ್ನ ಕೈಲಿ ಏನೂ ಇರ್ಲಿಲ್ಲ. ಇಲ್ಲಿ ನಾನಾಗೇ ಹೋಗಿ ಯಾಕೆ ತೆಗೆಸ್ಕೊಳ್ಳಲಿ? ಮನೇಲಿ ಈಗ ನನಗೆ ಅಂತ ಇರೋದು ಇದೊಂದೇ. ಹೆಂಡತಿ ತಮ್ಮ ಬಂದಾಗ 'ಭಾವ ಏನ್ಮಾಡ್ತಿದ್ದಾರೆ' ಅಂದ್ರೆ, 'ಒಂದನೇ ನಂಬರು' ಅಂತಾಳೆ. ಯಾವುದರಲ್ಲಿ ಅಂತ ಅವನು ಕೇಳಲ್ಲ, ಇವಳು ಹೇಳಲ್ಲ."

ಇದು ಜಾಡ್ಯದ ಹಾಗೆ ಹರಡಿತು. ಎರಡನೇ ನಂಬರಿನವರು ಶಿವಮೊಗ್ಗದ ಒಬ್ಬ ರಿಟೈರಾದ ಹೆಡ್‌ಮಾಸ್ಟರು. ಸೋತರೆ ಮೂರಕ್ಕಿಳಿಯುತ್ತೇನೆ ಅಂತ ಅವರೂ ಆಟ ನಿಲ್ಲಿಸಿದರು. ಮೂರನೆಯವರು, ನಾಲ್ಕನೆಯವರು, ಹೀಗೇ ಕೆಳಗಿನವರೆಗೆ. ತಿಂಗಳೊಳಗೆ ಎರಡೂ ಅಂಗಡಿ ಭರ್ತಿ. ಎಲ್ಲ ಕುರ್ಚಿಯ ಮೇಲೂ ಒಬ್ಬೊಬ್ಬ ಗಣ್ಯರು. ಒಂದು ಆಟವೂ ಇಲ್ಲ, ಒಂದು ಕಾಸೂ ಇಲ್ಲ.

ಖಾಲಿ ಗಲ್ಲಾ ತೆಗೆದು ಮುಚ್ಚುತ್ತ ಕೂತಿದ್ದ ನನ್ನನ್ನು ನೋಡಿ ಮೇಸ್ತ್ರಿಗೆ ಮರುಕ ಹುಟ್ಟಿತು. "ವ್ಯಾಪಾರ ಡಲ್ಲಾ?" ಅಂತ ಕೇಳಿ, ಫ್ಯಾನನ್ನು ಸ್ವಲ್ಪ ಜೋರು ಮಾಡಲು ಹೇಳಿದರು.

ಸುಮ್ಮನೆ ಆಟ

ಇಂಜಿನಿಯರ್‌ನ ಮತ್ತೆ ಕರೆಸಿದೆ. ಎಲ್ಲ ಕೇಳಿ ಅವರು ಅಂದರು, "ಪಟ್ಟಿಗೆ ಸೇರದ ಆಟ ಒಂದು ಇಡೋಣ. ಹೆಸರಿಲ್ಲ, ನಂಬರಿಲ್ಲ. ಗೆದ್ದರೂ ಅಲ್ಲೇ, ಸೋತರೂ ಅಲ್ಲೇ. ಯಾರಿಗೆ ಯಾರು ಅಂತ ಜೋಡಿ ಮಿಷನ್ನೇ ಹಾಕುತ್ತೆ."

ಮಿಷನ್ ಜೋಡಿ ಹಾಕಲು ಸಾವಿರಾರು ಜನ ಬೇಕಂತೆ. ನಮ್ಮಲ್ಲಿ ಇದ್ದವರು ಹದಿನೈದು. ಅದು ಹುಡುಕುತ್ತ ಹುಡುಕುತ್ತ ಗಿರಾಕಿಗೆ ಆಕಳಿಕೆ ಬರುತ್ತಿತ್ತು. ಕೊನೆಗೆ ನಾನೂ ಹೆಂಡತಿಯೂ ಫೋನಿನಲ್ಲೇ ಜೋಡಿ ಹೊಂದಿಸಲು ಕೂತೆವು, ಮದುವೆ ದಲ್ಲಾಳಿಗಳ ಹಾಗೆ.

"ರೀ, ನನ್ನ ಹತ್ರ ಒಬ್ರು ಇದ್ದಾರೆ, ಸಾಧಾರಣ. ನಿಮ್ಮ ಹತ್ರ?"

"ನನ್ನ ಹತ್ರ ಇರೋದು ಸ್ವಲ್ಪ ಮುಂಗೋಪಿ."

"ಪರವಾಗಿಲ್ಲ, ಹಾಕಿ."

ಮೊದಲು ಆಡಿದವರು ಒಬ್ಬ ವಕೀಲರ ಗುಮಾಸ್ತರು. ಸೋತರು. ಸೋತದ್ದು ಎಲ್ಲೂ ದಾಖಲಾಗಿಲ್ಲ ಅಂತ ಲಿಖಿತವಾಗಿ ಬೇಕು ಅಂದರು. ಬರೆದು, ಅಂಗಡಿ ಸೀಲು ಹೊಡೆದು ಕೊಟ್ಟೆ. ಒಂದು ವಾರ ಬಿಟ್ಟು ಗೆದ್ದರು. ಆ ಕಾಗದ ವಾಪಸ್ ತಂದು, ಸದರಿ ಪತ್ರ ಇಂದಿನಿಂದ ರದ್ದು ಅಂತ ಬರೆದುಕೊಡಿ ಅಂದರು.

ಇನ್ನೊಬ್ಬರು ಶಿವಮೊಗ್ಗದ ಅಡಿಕೆ ಮಂಡಿಯ ದಲ್ಲಾಳಿ. ಒಂದು ಮಧ್ಯಾಹ್ನ ಏಳು ಆಟ ಸತತವಾಗಿ ಗೆದ್ದು ನನ್ನ ಹೆಂಡತಿಗೆ ಬಾಳೆಹಣ್ಣು ಕೊಟ್ಟರು. ಭದ್ರಾವತಿಯಲ್ಲಿ ಆ ಹೊತ್ತಿಗೆ ಅವರಿಗೆ ಜೋಡಿಯಾಗಿದ್ದವರು ಬೀದಿಯಲ್ಲಿ ಹೋಗುತ್ತಿದ್ದ ಒಂದು ಹೆಣದ ಹಿಂದೆ, ಗೊತ್ತಿದ್ದವರು ಅಂತ, ಎದ್ದು ಹೋಗಿದ್ದರು. ಪ್ರತಿ ಆಟ ಮುಗಿದಾಗಲೂ ಇನ್ನೊಂದು ಅಂತ ಗುಂಡಿ ಒತ್ತಿ, ಖಾಲಿ ಕುರ್ಚಿಯ ಮುಂದೆ ಆಟ ನಿಲ್ಲದಂತೆ ನೋಡಿಕೊಂಡವನು ನಾನು. ಆಟಕ್ಕೆ ಇಷ್ಟು ಅಂತ ದರ ಇದ್ದಮೇಲೆ ಮತ್ತೇನು ಮಾಡಬೇಕು?

ದಲ್ಲಾಳಿ ಹೋಗುವಾಗ ಹೇಳಿದರಂತೆ: "ಎದುರಿಗಿದ್ದವರು ಭಾರೀ ಸಮಾಧಾನಿ ಕಣಮ್ಮ. ಮೈಮೇಲೆ ಅಷ್ಟು ಕಲ್ಲು ಬಿದ್ರೂ ಕೊನೇವರೆಗೂ ಅಲ್ಲಾಡಲಿಲ್ಲ."

ಗಾಜನೂರಿನ ಹುಡುಗಿ

ಮೇಸ್ತ್ರಿಯೂ ಸುಮ್ಮನೆ ಆಟಕ್ಕೆ ಒಪ್ಪಿದರು. ನಂಬರಿಗೆ ಧಕ್ಕೆ ಇಲ್ಲ ಅಂತ ಮೂರು ಸಲ ಆಣೆ ಹಾಕಿಸಿಕೊಂಡರು. ಅತ್ತ ಹೆಡ್‌ಮಾಸ್ಟರೂ ಒಪ್ಪಿದರು. ಇಬ್ಬರೂ ಬರುವುದು ಒಂದೇ ಹೊತ್ತಿಗೆ. ಇಬ್ಬರಿಗೂ ಸಾಧಾರಣದವರು ಸರಿಬರುತ್ತಿರಲಿಲ್ಲ.

"ರೀ, ಇವರಿಬ್ರನ್ನೇ ಜೋಡಿ ಹಾಕಿಬಿಡೋಣ," ಅಂದಳು ಹೆಂಡತಿ. "ಹೆಸರು ಕಾಣಲ್ವಲ್ಲ. ಯಾರಿಗೆ ಗೊತ್ತಾಗುತ್ತೆ?"

ಹಾಕಿದೆವು. ಮೇಸ್ತ್ರಿ ಸೋತರು. ಮತ್ತೆ ಸೋತರು. ಒಂದನೇ ನಂಬರಿಗೆ ಏರಿದಾಗಿನ ಕೈ ಈಗ ಇರಲಿಲ್ಲ. ಕೆಮ್ಮು ಬಂದರೆ ಮೈಯೆಲ್ಲ ಅಲುಗಿ ಮೌಸ್ ಎಲ್ಲೋ ಹೋಗುತ್ತಿತ್ತು. ಕೆಮ್ಮು ನಿಲ್ಲುವಷ್ಟರಲ್ಲಿ ಪರದೆ ತುಂಬಿರುತ್ತಿತ್ತು.

"ಯಾರ್ರೀ ಇದು ಆ ಕಡೆ?" ಅಂತ ಹಣೆ ಒರೆಸಿಕೊಂಡರು.

ಹೆಡ್‌ಮಾಸ್ಟರು ಅಂದರೆ ಮನುಷ್ಯ ಅಲ್ಲೇ ಕುಸಿಯುತ್ತಾರೆ. "ಗಾಜನೂರಿನ ಪಿಯುಸಿ ಹುಡುಗಿ," ಅಂದೆ, ಬಾಯಿಗೆ ಬಂದದ್ದು.

ಮೇಸ್ತ್ರಿ ಮೌಸನ್ನು ದೂರ ತಳ್ಳಿದರು. "ಈ ಹುಡುಗಿ ಪಟ್ಟಿ ಆಟಕ್ಕೆ ಇಳಿದ್ರೆ ನನ್ನ ಕಥೆ ಮುಗೀತು. ಪರೀಕ್ಷೆ ಯಾವಾಗಂತೆ?"

"ಮಾರ್ಚಲ್ಲಿ."

"ಈ ಆಟ ಗೀಟ ಎಲ್ಲ ಬಿಟ್ಟು ಓದಕ್ಕೆ ಹೇಳಿ. ಹೆಣ್ಣುಮಕ್ಕಳಿಗೆ ವಿದ್ಯೆ ಮುಖ್ಯ."

ಅತ್ತಲಿನ ವರ್ತಮಾನ ಹೆಂಡತಿ ಸಂಜೆ ಹೇಳಿದಳು. ಹೆಡ್‌ಮಾಸ್ಟರು ಕೇಳಿದರಂತೆ, ಭದ್ರಾವತಿಯ ಈ ಆಸಾಮಿ ಯಾರು ಅಂತ. ಯಾರೋ ಹೊಸಬ ಅಂದಳಂತೆ ಇವಳು. ಅದಕ್ಕೆ ಅವರು, "ಶುದ್ಧ ದಡ್ಡ. ಆದ್ರೆ ನನಗೆ ಅನುಕೂಲ. ಒಂದನೇ ನಂಬರಿನವರಿಗೆ ಸವಾಲು ಹಾಕೋದು ಅಂದ್ರೆ ಹುಡುಗಾಟ ಅಲ್ಲ. ಇವನ ಮೇಲೆ ಕೈ ಪಳಗಿಸ್ಕೊಳ್ತೀನಿ, ಸಿದ್ಧ ಆದ್ಮೇಲೆ ಅವರ ಹತ್ರ ಹೋಗ್ತೀನಿ."

"ಹೇಳಿಬಿಡೋಣ್ವಾ?" ಅಂದಳು.

ಹೇಳಿದರೆ ಹೆಡ್‌ಮಾಸ್ಟರು ಮರುದಿನವೇ ಸವಾಲು ಹಾಕಿ ಒಂದೇ ಆಟದಲ್ಲಿ ಮೇಲೇರುತ್ತಿದ್ದರು. ಮೇಸ್ತ್ರಿ ಇನ್ನು ಅಂಗಡಿ ಕಡೆ ತಲೆ ಹಾಕುತ್ತಿರಲಿಲ್ಲ. ಮನೆಯಲ್ಲೂ ತಲೆ ಎತ್ತುತ್ತಿರಲಿಲ್ಲ. ಹೇಳದಿದ್ದರೆ ಒಬ್ಬರ ಮರ್ಯಾದೆಯೂ ನನ್ನ ಇಬ್ಬರು ಗಿರಾಕಿಗಳೂ ಉಳಿಯುತ್ತಾರೆ. ಯಾವುದಕ್ಕಾಗಿ ಸುಮ್ಮನಾದೆ ಅಂತ ಕೇಳಿದರೆ ಗಿರಾಕಿಗಾಗಿ ಅಂತಲೇ ಹೇಳುತ್ತೇನೆ. ಮರ್ಯಾದೆ ಅದರ ಜೊತೆಗೆ ಬಿಟ್ಟಿಯಾಗಿ ಬಂತು.

ನಾಲ್ಕು ತಿಂಗಳು ಹೀಗೇ ನಡೆಯಿತು. ಒಬ್ಬರು ಹುಡುಗಿಗೆ ಹೆದರಿ ಸೋಲುತ್ತಿದ್ದರು, ಇನ್ನೊಬ್ಬರು ದಡ್ಡನನ್ನು ಗೆದ್ದು ಹೆದರುತ್ತಿದ್ದರು.

ಎರಡನೇ ನಂಬರಿನವರು

ಮಳೆಗಾಲದ ಹೊತ್ತಿಗೆ ಮೇಸ್ತ್ರಿಯನ್ನು ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಿದರು. ನೋಡಲು ಹೋದೆ. ಫೌಂಡ್ರಿಯಲ್ಲಿ ಅಷ್ಟು ವರ್ಷ ಎಳೆದುಕೊಂಡ ಧೂಳೆಲ್ಲ ಎದೆಯಲ್ಲೇ ಕೂತಿದೆ ಅಂತ ಡಾಕ್ಟರು ಹೇಳಿದ್ದರು. ಮಂಚದ ಪಕ್ಕ ಮೇಸ್ತ್ರಿಯ ಹೆಂಡತಿ ಗಂಜಿ ಬಟ್ಟಲು ಹಿಡಿದು ಕೂತಿದ್ದರು. ಮೇಸ್ತ್ರಿ ಕಣ್ಣು ತೆರೆದು ಕೇಳಿದ್ದು ಒಂದೇ.

"ಈ ವಾರದ ಪಟ್ಟಿ ಹಾಕಿದ್ರಾ?"

"ಹಾಕಿದೆ. ನೀವೇ ಒಂದನೇ ನಂಬರು."

"ಆ ಗಾಜನೂರಿನ ಹುಡುಗಿ?"

"ಅವಳಿಗೆ ಮಂಗಳೂರಲ್ಲಿ ಕಾಲೇಜು ಸೀಟು ಸಿಕ್ತು. ಹೋದಳು."

ಮೇಸ್ತ್ರಿಯ ಮುಖ ಸಡಿಲವಾಯಿತು. "ಒಳ್ಳೇದಾಯ್ತು. ದೂರಾನೇ ಹೋಗ್ಲಿ," ಅಂದರು. ಮೂರನೇ ದಿನ ತೀರಿಕೊಂಡರು.

ಸುದ್ದಿ ಕೇಳಿ ಹೆಡ್‌ಮಾಸ್ಟರು ನಾನೂ ಬರುತ್ತೇನೆ ಅಂದರು. ಅವರೂ ಮೇಸ್ತ್ರಿಯೂ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಭದ್ರಾವತಿಗೆ ಬಸ್ಸಿನಲ್ಲಿ ಹೋದೆವು. ಹೆಡ್‌ಮಾಸ್ಟರು ಹಾರ ಹಾಕಿ, ಕೈಕಟ್ಟಿ, ಬಹಳ ಹೊತ್ತು ನಿಂತರು. ಇಂಥ ದೊಡ್ಡ ಮನುಷ್ಯರೆಲ್ಲ ಬಂದಿದ್ದಾರಲ್ಲ ಅಂತ ಮೇಸ್ತ್ರಿಯ ಹೆಂಡತಿಯ ತಮ್ಮ ಅವರಿಗೆ ಕುರ್ಚಿ ತಂದು ಹಾಕಿದ. ಅವರು ಕೂರಲಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ನಾನೇ ಕೇಳಿದೆ, "ಸಾರ್, ಇನ್ನು ಮುಂದೆ ಪಟ್ಟಿಯಲ್ಲಿ ನಿಮ್ಮ ಹೆಸರು ಮೇಲೆ ಹಾಕ್ಲಾ?"

"ಬೇಡ ಬೇಡ. ಗೆಲ್ಲದೆ ತಗೊಂಡ್ರೆ ಅದಕ್ಕೆ ಏನು ಬೆಲೆ? ಅವರ ಹೆಸರೇ ಇರ್ಲಿ." ಕನ್ನಡಕ ತೆಗೆದು ಒರೆಸಿಕೊಂಡರು. "ನನ್ನದೇ ತಪ್ಪು. ಇನ್ನೂ ಸ್ವಲ್ಪ ಕಲೀಲಿ, ಇನ್ನೂ ಸ್ವಲ್ಪ ಕಲೀಲಿ ಅಂತ ಕಾದೆ. ಅಂಥವರ ಎದುರು ಒಂದೇ ಒಂದು ಆಟ ಆಡಿ ಸೋತಿದ್ರೂ ಜನ್ಮ ಸಾರ್ಥಕ ಆಗೋದು."

ನಾನು ಕಂಡಕ್ಟರಿಗೆ ಕೊಡಲು ಚಿಲ್ಲರೆ ಎಣಿಸತೊಡಗಿದೆ.

"ಅದಿರ್ಲಿ," ಅಂದರು ಕನ್ನಡಕ ಮತ್ತೆ ಹಾಕಿಕೊಂಡು. "ಆ ದಡ್ಡ ಎಲ್ಲಿ ಹೋದ? ಹದಿನೈದು ದಿನದಿಂದ ಸುಳಿವೇ ಇಲ್ಲ."

"ಬಿಟ್ಟುಬಿಟ್ಟರು ಸಾರ್."

"ಬಿಡದೆ ಏನು ಮಾಡ್ತಾನೆ? ನಾಲ್ಕು ತಿಂಗಳಲ್ಲಿ ಒಂದು ಆಟ ಗೆಲ್ಲಲಿಲ್ಲ. ತಪ್ಪು ನಿಮ್ಮದು ಕಣ್ರೀ. ಅಂಥಾ ಒಂದನೇ ನಂಬರಿನವರು ನಿಮ್ಮ ಅಂಗಡೀಲೇ ದಿನಾ ಬಂದು ಕೂರೋರು. ಒಂದಿನ ಆ ದಡ್ಡನ್ನ ಕರೆದು ಅವರ ಪಕ್ಕ ಕೂರಿಸಬಾರದಿತ್ತಾ?"

"ಬೇರೆ ಕೂರಿಸೋದೇನು ಸಾರ್, ಆ ಮನುಷ್ಯ ದಿನಾ ಒಂದನೇ ನಂಬರಿನವರ ಕುರ್ಚಿ ಬಿಟ್ಟು ಕದಲ್ತಿರ್ಲಿಲ್ಲ," ಅಂದೆ.

ಹೆಡ್‌ಮಾಸ್ಟರು ನನ್ನನ್ನೇ ದಿಟ್ಟಿಸಿ ನೋಡಿದರು. ಸಿಕ್ಕಿಬಿದ್ದೆ ಅಂದುಕೊಂಡೆ. ಅವರು ನಿಧಾನವಾಗಿ ತಲೆ ಆಡಿಸಿ, ಮೂವತ್ತೈದು ವರ್ಷ ಪಾಠ ಹೇಳಿದ ಅನುಭವದಿಂದ ಅಂದರು:

"ಅಂಥವರಿಗೆ ಅಷ್ಟು ಹತ್ರ ಇದ್ದೂ ಕಲೀಲಿಲ್ಲ ಅಂದ್ರೆ, ಬಿಡಿ, ಅವನು ಹೋಗಿದ್ದೇ ಒಳ್ಳೇದಾಯ್ತು."