ಹಿಂದಿನ ಸೀಟಿನ ಕೆಮ್ಮು

ಮದುವೆಯಾಗಿ ಆರು ವರ್ಷ! ಇನ್ನೂ ಅತ್ತೆ ನನಗೆ ಅಳಿಯನ ಔತಣ ಹಾಕಿಲ್ಲ. ಅದಾಗುವ ತನಕ ಜಾಂಬಿಯಾದ ನಮ್ಮ ಬೆಂಬಾ ಜನರಲ್ಲಿ ಅತ್ತೆ ಅಳಿಯ ಪರಸ್ಪರ ಮಾತಾಡುವಂತಿಲ್ಲ, ಆ ಮನೆಯಲ್ಲಿ ನಾನು ಒಂದು ತುತ್ತು ನ್ಶಿಮಾ ಮುದ್ದೆ ತಿನ್ನುವಂತಿಲ್ಲ. ನನ್ನ ನಂತರ ಮದುವೆಯಾದ ಷಡ್ಡಕ ಒಳಗೆ ಕೂತು ಕೋಳಿ ಕಾಲು ಚೀಪುತ್ತಾನೆ. ನಾನು ಹೊರಗೆ ಕಾರಿನಲ್ಲಿ ಒಣ ಬ್ರೆಡ್ಡು ಅಗಿಯುತ್ತೇನೆ. ಮೈ ಉರಿಯದೆ ಇರುತ್ತದೆಯೆ?

ಈ ಸಲ ಪಣ ತೊಟ್ಟೆ. ವಾರಾಂತ್ಯಕ್ಕೆ ಅತ್ತೆ ಲಿವಿಂಗ್‌ಸ್ಟನ್‌ನ ತಂಗಿಯ ಮನೆಗೆ ಹೊರಟಿದ್ದರು. ಲುಸಾಕಾದಿಂದ ಬಸ್ಸೇಕೆ? ಸಾಕ್ಷಾತ್ ಅಳಿಯನೇ ಸಾರಥಿ! ಯಾರಿಗೂ ಹೇಳದೆ ಕಾರನ್ನು ನೇರ ‘ಗುಡುಗುವ ಹೊಗೆ’ ಎಂದೇ ಹೆಸರಾದ ಮಹಾ ಜಲಪಾತ ಮೊಸಿ-ಓವಾ-ಟುನ್ಯಾಕ್ಕೆ ಹೊಡೆಯುವುದು, ಅದನ್ನು ಕಂಡು ಅತ್ತೆ ಕರಗುವುದು, ಔತಣ ಹಾಕುವುದು! ದೂರದ ಉತ್ತರದ ಕಸಾಮಾ ಕಡೆಯವನಾದ ನಾನು ಆ ಜಲಪಾತವನ್ನು ಕ್ಯಾಲೆಂಡರಿನಲ್ಲಷ್ಟೇ ನೋಡಿದ್ದೆ. ಸಾಲದೆ?

ಅಕ್ಟೋಬರ್ ಬಿಸಿಲು. ಮುಂದೆ ಲಾರಿಗಳ ಸಾಲು. ಪಕ್ಕದಲ್ಲಿ ನನ್ನ ಹೆಂಡತಿ ಚಿಲೆಶೆ ವಾಂತಿಯ ಮಾತ್ರೆ ನುಂಗಿ ಗೊರಕೆ. ಹಿಂದೆ ಮುಸುಕು ಹಾಕಿಕೊಂಡ ಅತ್ತೆ. ಡಿಕ್ಕಿಯಲ್ಲಿ ಅತ್ತೆ ತಂದಿದ್ದ ಜೀವಂತ ಕೋಳಿಗಳ ಬುಟ್ಟಿ. ಕೊಕ್ಕೊಕ್ಕೋ! ಕೊಕ್ಕೊಕ್ಕೋ! ಮಜಬುಕಾ ತಲುಪುವಷ್ಟರಲ್ಲಿ ನನ್ನ ಪಿತ್ತ ನೆತ್ತಿಗೇರಿತ್ತು. ಗಾಡಿ ನಿಲ್ಲಿಸಿ, ಬುಟ್ಟಿಯನ್ನೇ ಎತ್ತಿ ರಸ್ತೆ ಬದಿ ಟೊಮೇಟೊ ಮಾರುವಾಕೆಯ ಮಡಿಲಿಗೆ ಹಾಕಿದೆ.

"ಇದೇನಪ್ಪಾ?"

"ಬಿಟ್ಟಿ! ತಗೊಳ್ಳಿ ತಾಯಿ, ಪುಣ್ಯ ಬರತ್ತೆ!"

ತಂಗಿಗೆ ಕೊಡುವ ಕೋಳಿ ತಾನೆ? ಲಿವಿಂಗ್‌ಸ್ಟನ್‌ನಲ್ಲಿ ಕೋಳಿಗೇನು ಬರವೆ? ಹಿಂದಿನ ಸೀಟಿನಿಂದ ಭಯಂಕರ ಕೆಮ್ಮು ಕೇಳಿತು. ಧೂಳಿರಬೇಕೆಂದು ಗಾಜು ಏರಿಸಿದೆ. ಅತ್ತೆ ಮಗಳನ್ನು ತಿವಿದರು. ಕುಂಭಕರ್ಣನ ವಂಶದವಳು, ಏಳಲಿಲ್ಲ.

ಲಿವಿಂಗ್‌ಸ್ಟನ್ ಪೇಟೆ ದಾಟಿ ಜಲಪಾತದ ಕಡೆ ತಿರುಗಿದಾಗ ಮತ್ತೆ ಕೆಮ್ಮು. ಈ ಸಲ ಸೀಟಿಗೆ ಗುದ್ದು ಬೇರೆ! ಹಲ್ಲು ಕಚ್ಚಿಕೊಂಡು ಓಡಿಸಿದೆ.

ಇಳಿದು ನೋಡಿದರೆ ಬಂಡೆ! ಉದ್ದಕ್ಕೂ ಬೋಳು ಬಂಡೆ! ಗುಡುಗೂ ಇಲ್ಲ, ಹೊಗೆಯೂ ಇಲ್ಲ. ಒಂದು ಬಬೂನ್ ಕೂತು ನನ್ನನ್ನೇ ನೋಡುತ್ತಿತ್ತು.

ಚಿಲೆಶೆ ಕಣ್ಣುಜ್ಜಿಕೊಂಡು ಬಂದಳು. "ಇದ್ಯಾವ ಕಲ್ಲು ಕ್ವಾರಿ ರೀ?"

"ನೀರೆಲ್ಲೇ ಹೋಯ್ತು?" ಕೆಂಡವಾದೆ.

ಅತ್ತೆ ಮಗಳ ಕಿವಿಯಲ್ಲಿ ಏನೋ ಉಸುರಿದರು.

"ಅಕ್ಟೋಬರಲ್ಲಿ ಗಡಿಯ ಈಚೆ, ಜಾಂಬಿಯಾ ಕಡೆ, ಒಣಗೋಗತ್ತಂತೆ. ಇಲ್ಲೇ ರೈಲ್ವೆ ಕ್ವಾರ್ಟರ್ಸಲ್ಲಿ ಬಾಳಿದವಳಲ್ವಾ ಅಮ್ಮ!"

"ಗೊತ್ತಿದ್ಮೇಲೆ ಬಾಯಿ ಬಿಡೋಕೇನಾಗಿತ್ತು?" ಅತ್ತೆಗೆ ಹೇಳಬೇಕಾದ್ದನ್ನು ಬಬೂನಿನ ಕಡೆ ತಿರುಗಿ ಕಿರುಚಿದೆ. ಅದು ಓಡಿಹೋಯಿತು.

"ಕಿರುಚ್ಬೇಡಿ! ಗಂಟಲು ಕಿತ್ತೋಗೋ ಹಾಗೆ ಕೆಮ್ಮಿದ್ಳಂತಲ್ಲ. ಔತಣ ಹಾಕದೆ ನಿಮ್ಹತ್ರ ಹೆಂಗ್ರೀ ಮಾತಾಡ್ತಾಳೆ? ಇವತ್ತು ಸಂಜೆ ಚಿಕ್ಕಮ್ಮನ ಮನೇಲಿ ಅದನ್ನೇ ಇಟ್ಕೊಂಡಿದೀವಿ. ನಿಮಗೆ ಗುಟ್ಟಾಗಿರ್ಲಿ ಅಂತ ಹೇಳಿರ್ಲಿಲ್ಲ."

ಆರು ವರ್ಷದ ಸಿಟ್ಟು ಒಂದೇ ಗಳಿಗೆಯಲ್ಲಿ ಇಳಿಯಿತು. ಔತಣ! ನನಗೆ! ಬೋಳು ಬಂಡೆಯೂ ಸುಂದರವಾಗಿ ಕಂಡಿತು.

ಅಷ್ಟರಲ್ಲಿ ಅತ್ತೆ ಮತ್ತೆ ಪಿಸುಗುಟ್ಟಿದರು. ಚಿಲೆಶೆಯ ಕಣ್ಣು ದೊಡ್ಡದಾಯಿತು. ಹೋಗಿ ಡಿಕ್ಕಿ ತೆರೆದಳು, ಖಾಲಿ ಡಿಕ್ಕಿಯನ್ನು ನೋಡಿದಳು, ನನ್ನನ್ನು ನೋಡಿದಳು.

"ಅಮ್ಮ ಕೇಳ್ತಿದಾಳೆ, ನಿಮ್ಮ ಔತಣಕ್ಕೆ ಅಂತ ಸಾಕಿದ ಕೋಳಿಗಳನ್ನ ಆ ಟೊಮೇಟೊದವಳಿಗೆ ಯಾಕೆ ಕೊಟ್ರಿ ಅಂತ."

ಉತ್ತರಿಸಲು ಬಾಯಿ ತೆರೆದೆ. ಕೆಮ್ಮು ಬಂತು!